ಗಂಧದ ಸಾಬೂನೂ ಅದರ ಹಿಂದಿನ ಸರಪಣಿಯೂ

ಒಂದು ಸರಕು ಮೇಲು, ಮತ್ತೊಂದು ಕೀಳು ಎಂಬ ತೀರ್ಪನ್ನು ನಾವೆಲ್ಲರೂ ಅಂಗಡಿಯ ಮುಂದೆ ನಿಂತೇ ಹೇಳಿಬಿಡುವುದುಂಟು. ಆ ಮೇಲ್ಮೆ ಹುಟ್ಟಿದ್ದೆಲ್ಲಿ ಎಂದು ಯಾರಾದರೂ ಕೇಳಿದರೆ, ಕಾರ್ಖಾನೆಯಲ್ಲಿ ಎಂದು ಉತ್ತರ ಕೊಡುತ್ತೇವೆ. ಈ ಉತ್ತರದಲ್ಲಿ ಅರ್ಧ ಮಾತ್ರವೇ ಸತ್ಯವಿದೆ. ಕಾರ್ಖಾನೆಯನ್ನು ಹೊಗುವ ಪ್ರತಿಯೊಂದು ಸಾಮಾನೂ ಬೇರೊಬ್ಬರ ಕೈ ದಾಟಿ ಬಂದದ್ದು. ಆ ಕೈಗೆ ಅದನ್ನು ಒದಗಿಸಿದವರು ಮತ್ತೊಬ್ಬರು. ಹೀಗೆ ಹಿಂದುಹಿಂದಕ್ಕೆ ಹೋದರೆ ಕೊನೆಗೆ ಒಂದು ಹೊಲವೋ ಗಣಿಯೋ ಕಾಡೋ ಕಾಣಿಸುತ್ತದೆ. ಈ ಸಾಲಿಗೆ ಸರಬರಾಜಿನ ಸರಪಣಿ ಎಂದೂ, ಅದರ ಉದ್ದಕ್ಕೂ ಗುಣವನ್ನು ಕಾಯುವ ಏರ್ಪಾಟಿಗೆ ಸರಬರಾಜಿನ ಗುಣಪಾಲನೆ ಎಂದೂ ಹೇಳಬಹುದು. ಇಂತಹ ಗುಣಪಾಲನೆಯಿಂದ ತಯಾರಕನ ಗಳಿಕೆ ಹೆಚ್ಚುವುದೇ, ಹೊಸದನ್ನು ಹೂಡುವ ಅವನ ಶಕ್ತಿ ಬೆಳೆಯುವುದೇ, ಅಥವಾ ಕಟ್ಟಳೆಗಳ ಭಾರದಿಂದ ಅದು ಕುಗ್ಗುವುದೇ ಎಂಬುದು ವಾಣಿಜ್ಯಶಾಸ್ತ್ರದಲ್ಲಿ ಈಗ ಬಹಳವಾಗಿ ಚರ್ಚೆಗೆ ಬಂದಿರುವ ವಿಷಯ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ಕಚೇರಿಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ಇದ್ದಾರೆ. ಪೋಷಕರಲ್ಲಿ ಅನೇಕರು ಸಣ್ಣ ಕಾರ್ಖಾನೆಗಳನ್ನು ನಡೆಸುವವರು, ಇಲ್ಲವೆ ಅವುಗಳಲ್ಲಿ ದುಡಿಯುವವರು. ಆದುದರಿಂದ ಈ ಸಂಚಿಕೆಯಲ್ಲಿ ಇದನ್ನು ಕುರಿತು ನಾಲ್ಕು ಮಾತು ಬರೆಯುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಮೊದಲು ಹೊಲಿಗೆಯ ತರಗತಿಯನ್ನೇ ನೆನೆದುಕೊಳ್ಳೋಣ. ಇಬ್ಬರು ಹುಡುಗಿಯರಿಗೆ ಒಂದೇ ನಮೂನೆಯ ಕಸೂತಿಯನ್ನು ಹಾಕಲು ಹೇಳಿ, ಒಬ್ಬಳಿಗೆ ಗಟ್ಟಿಯಾದ ಏಕರೂಪದ ದಾರವನ್ನೂ ಮತ್ತೊಬ್ಬಳಿಗೆ ಅಲ್ಲಲ್ಲಿ ಗಂಟು ಬಿದ್ದ ಸತ್ತ ದಾರವನ್ನೂ ಕೊಟ್ಟರೆ ಏನಾಗುವುದು? ಎರಡನೆಯವಳು ಕಡಿಮೆ ಜಾಣೆಯಲ್ಲ. ಆದರೆ ಅವಳ ಗಂಟೆಯೆಲ್ಲವೂ ಕಡಿದ ಎಳೆಯನ್ನು ಕೂಡಿಸುವುದರಲ್ಲಿಯೇ ಕಳೆದುಹೋಗುತ್ತದೆ. ಮೊದಲನೆಯವಳು ಮುಕ್ಕಾಲು ಗಂಟೆಗೆ ಕೆಲಸ ಮುಗಿಸಿ, ಉಳಿದ ಕಾಲು ಗಂಟೆಯಲ್ಲಿ ಅಂಚಿಗೆ ತನ್ನದೇ ಆದ ಒಂದು ಬಳ್ಳಿಯನ್ನು ಬರೆದು ನೋಡುತ್ತಾಳೆ. ಕಾರ್ಖಾನೆಯಲ್ಲಿ ಹೊಸತನ ಹುಟ್ಟುವುದು ಬಹುಮಟ್ಟಿಗೆ ಈ ಕಾಲು ಗಂಟೆಯಲ್ಲಿಯೇ. ಬಂದ ಸಾಮಾನನ್ನು ನಂಬಬಹುದಾದ ಕಡೆ ಬುದ್ಧಿಗೆ ಬಿಡುವು ಸಿಕ್ಕುತ್ತದೆ. ನಂಬಲಾಗದ ಕಡೆ ಬುದ್ಧಿಯು ತೇಪೆ ಹಾಕುವುದಕ್ಕೇ ಸವೆಯುತ್ತದೆ.

ನಮ್ಮ ಬಡಾವಣೆಗಳಲ್ಲಿಯೇ ಈ ಮಾತಿಗೆ ಒಂದು ದೊಡ್ಡ ನಿದರ್ಶನವುಂಟು. 2014ರಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಮೆಟ್ರೋ ರೈಲು ಓಡತೊಡಗಿದಾಗ, ನಿಲ್ದಾಣಗಳಲ್ಲೊಂದಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ಹೆಸರು ಬಂದಿತು. ರಾಜರ ಹೆಸರು, ಮಂತ್ರಿಗಳ ಹೆಸರು ನಿಲ್ದಾಣಕ್ಕೆ ಬರುವುದು ಸಹಜ. ಒಂದು ಸಾಬೂನಿಗೆ ಆ ಗೌರವ ಸಂದದ್ದು ನಮಗೆ ಸಂತೋಷವನ್ನೇ ಉಂಟುಮಾಡಿತು. ಆ ಸಾಬೂನಿನ ಹುಟ್ಟೇ ಸರಪಣಿಯ ಒಂದು ಕೊಂಡಿ ಕಡಿದುಬಿದ್ದದ್ದರ ಫಲವೆಂಬುದನ್ನು ಬಲ್ಲವರು ಕಡಿಮೆ.

1914ಕ್ಕೆ ಹಿಂದೆ ಮೈಸೂರು ಸಂಸ್ಥಾನದ ಶ್ರೀಗಂಧವು ಹರಾಜಾಗಿ, ಬಹುಪಾಲು ಮರವಾಗಿಯೇ ಹಡಗನ್ನೇರಿ ಜರ್ಮನಿಗೆ ಹೋಗುತ್ತಿದ್ದಿತು. ಎಣ್ಣೆಯನ್ನು ಅಲ್ಲಿ ತೆಗೆಯುತ್ತಿದ್ದರು. ಲೋಕದಲ್ಲಿಯೇ ಶ್ರೇಷ್ಠವಾದ ಮರ ನಮ್ಮದು, ಅದರ ಸಾರವನ್ನು ಹಿಂಡುವ ವಿದ್ಯೆ ಅವರದು! ಮಹಾಯುದ್ಧ ಆರಂಭವಾದೊಡನೆ ಕೊಳ್ಳುವವರಿಲ್ಲದೆ ಮರವು ಕೋಠಿಗಳಲ್ಲಿಯೇ ಉಳಿಯಿತು. ಆಗ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರೂ, ಕೈಗಾರಿಕೆಯ ಇಲಾಖೆಯಲ್ಲಿದ್ದ ಆಲ್ಫ್ರೆಡ್ ಚಾಟರ್ಟನ್ನರೂ ಈ ಸಂಕಟವನ್ನೇ ಮೆಟ್ಟಿಲಾಗಿ ಮಾಡಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಸಡ್‌ಬರೋ, ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಗಂಧದೆಣ್ಣೆಯನ್ನು ಬಟ್ಟಿ ಇಳಿಸುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಎಣ್ಣೆಯ ಕಾರ್ಖಾನೆಯೂ, 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನೂ ಬಂದವು. ಸಾಬೂನಿನ ವಿದ್ಯೆಯನ್ನು ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಇದನ್ನು ರೂಪಿಸಿದರು. ಜನರು ಅವರನ್ನು ಸೋಪ್ ಶಾಸ್ತ್ರಿಗಳೆಂದೇ ಕರೆದರು. ಆನೆಯ ತಲೆ, ಸಿಂಹದ ಮೈಯುಳ್ಳ ಶರಭವನ್ನು ಗುರುತಾಗಿ ಇಟ್ಟು, ಸಾಬೂನನ್ನು ಆಭರಣದಂತೆ ಪೆಟ್ಟಿಗೆಯಲ್ಲಿಟ್ಟು ಮಾರುವ ಯೋಚನೆಯೂ ಅಂದಿನದೇ. ಆ ಕಾರ್ಖಾನೆ ಮೊದಲು ಕಬ್ಬನ್ ಪಾರ್ಕಿನ ಸಮೀಪದಲ್ಲಿದ್ದು, 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಉಪನಗರಕ್ಕೆ ಬಂದಿತು. 1980ರಲ್ಲಿ ಅದೂ, ಮೈಸೂರು ಮತ್ತು ಶಿವಮೊಗ್ಗದ ಎಣ್ಣೆಯ ಕಾರ್ಖಾನೆಗಳೂ ಒಂದಾಗಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರ್ಕಾರಿ ಕಂಪನಿಯಾದವು.

ಈಗ ಸರಪಣಿಯನ್ನು ಹಿಂದಿನಿಂದ ಹಿಡಿದು ಬರೋಣ. ಶ್ರೀಗಂಧವು ವಿಚಿತ್ರವಾದ ಮರ. ಅದು ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ತಗುಲಿಸಿ ಆಹಾರದ ಒಂದು ಭಾಗವನ್ನು ಅಲ್ಲಿಂದ ಪಡೆಯುತ್ತದೆ; ಒಂಟಿಯಾಗಿ ನೆಟ್ಟರೆ ಸೊರಗುತ್ತದೆ. ಕುಡಿಕೆಯಲ್ಲಿ ಸಸಿಯಾಗಿರುವಾಗಲೇ ಅದಕ್ಕೆ ತೊಗರಿಯಂತಹ ಒಂದು ಜೊತೆಗಿಡವೂ, ನೆಲಕ್ಕಿಳಿದ ಮೇಲೆ ಹೊಂಗೆ, ಸರ್ವೆ ಮುಂತಾದ ಬಾಳುವ ಜೊತೆಮರವೂ ಬೇಕು. ಹೊರಗಿನ ಬಿಳಿಯ ಮರದಲ್ಲಿ ಸುವಾಸನೆಯೇ ಇಲ್ಲ. ಒಳಗಿನ ಕಂದುಬಣ್ಣದ ಚೇಗಿನಲ್ಲಿಯೂ ಬೇರಿನಲ್ಲಿಯೂ ಮಾತ್ರ ಎಣ್ಣೆ ಇರುವುದು. ಚೇಗು ಕಟ್ಟತೊಡಗುವುದಕ್ಕೆ ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕು. ಅದು ಬಲಿಯುವುದಕ್ಕೆ ಇನ್ನೂ ಬಹಳ ಕಾಲ ಹಿಡಿಯುತ್ತದೆ. ಎಳೆಯ ಮರವನ್ನು ಕಡಿದರೆ ಎಣ್ಣೆಯೂ ಕಡಿಮೆ, ಬಂದ ಎಣ್ಣೆಯ ಸತ್ವವೂ ಕಡಿಮೆ. ಬಿತ್ತುವವನ ಸಾಮ್ಯವನ್ನು ಭಾನುವಾರದ ಪಾಠದಲ್ಲಿ ಕಲಿತವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು. ಅಲ್ಲಿಯೂ ಬೀಜದ ಭವಿಷ್ಯವನ್ನು ನೆಲವೇ ನಿರ್ಣಯಿಸುತ್ತದೆ. ಅಂತೂ ಸಾಬೂನಿನ ಗುಣದ ಬಹುಭಾಗವು ರಾಜಾಜಿನಗರಕ್ಕೆ ಬರುವುದಕ್ಕೆ ಹದಿನೈದಿಪ್ಪತ್ತು ವರ್ಷಗಳ ಮೊದಲೇ ಯಾವುದೋ ಹೊಲದ ಬದುವಿನಲ್ಲಿಯೋ ಕಾಡಿನಲ್ಲಿಯೋ ನಿಶ್ಚಯವಾಗಿಬಿಡುತ್ತದೆ.

ಎರಡನೆಯ ಕೊಂಡಿ ಗಂಧದ ಕೋಠಿ. ಇಲ್ಲಿ ನಡೆಯುವ ವಿಂಗಡಣೆಯನ್ನು ನಾವು ಬಹಳ ಮೆಚ್ಚುತ್ತೇವೆ, ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇವೆ. ಕಡಿದು ಬಂದ ಮರವನ್ನು ಕೆತ್ತಿ, ಬಿಳಿಯನ್ನು ಕಳೆದು, ಸಂಪ್ರದಾಯದಂತೆ ಹದಿನೆಂಟು ದರ್ಜೆಗಳಾಗಿ ಬೇರ್ಪಡಿಸುವರು. ಹೆಸರುಗಳೇ ವ್ಯಾಪಾರದ ಚರಿತ್ರೆಯನ್ನು ಹೇಳುವಂತಿವೆ: ಒಂದೊಂದು ತುಂಡೂ 9 ಕಿಲೋಗಿಂತ ಕಡಿಮೆಯಿಲ್ಲದ ನಿರ್ದೋಷವಾದ ದಿಮ್ಮಿಯು ವಿಲಾಯತ್ ಬುದ್, ಅದಕ್ಕೆ ತುಸು ಕಡಿಮೆಯಾದದ್ದು ಚೀನಾ ಬುದ್, ಸಣ್ಣ ಗಂಟು, ಬಿರುಕುಗಳುಳ್ಳದ್ದು ಪಂಜಮ್, ಗಿಡ್ಡ ತುಂಡುಗಳು ಘೋಟ್ಲಾ, ಬೇರುಗಳಿಗೆ ಮೂರು ದರ್ಜೆ, ಬಗೆಬಗೆಯ ಚಿಲ್ಟಾಗಳು, ಬಾಚಿಯಿಂದ ಕೆತ್ತುವಾಗ ಉದುರಿದ ಚೂರು ಬಸೋಲಾ ಬುಕ್ನಿ, ಕೊನೆಗೆ ಗರಗಸದ ಹುಡಿ. ಒಂದು ಚಿಟಿಕೆಯೂ ವ್ಯರ್ಥವಿಲ್ಲ. ಸಾಗರ, ಸೊರಬದ ಗುಡಿಗಾರರ ಉಳಿಗೆ ಬೇಕಾದ ಮರವು ಬಟ್ಟಿಯ ಹಂಡೆಗೆ ಹೋಗುವುದಿಲ್ಲ. ಬಟ್ಟಿಗೆ ತಕ್ಕ ಬೇರು ಕೆತ್ತನೆಗೆ ಹೋಗುವುದಿಲ್ಲ. ಹುಡಿಯು ಧೂಪಕ್ಕೂ ಊದುಬತ್ತಿಗೂ ಸಲ್ಲುತ್ತದೆ. ಈ ವಿಂಗಡಣೆಯನ್ನು ಬರಿಯ ಕಾವಲೆಂದು ತಿಳಿಯಬಾರದು. ಯಾವ ಪದಾರ್ಥ ತನ್ನ ಕೈಗೆ ಬರುವುದೆಂಬುದು ಮುಂಚೆಯೇ ತಿಳಿದಿರುವುದರಿಂದಲೇ ಅದಕ್ಕೆ ಹೊಸ ಉಪಯೋಗವನ್ನು ಯೋಚಿಸಲು ಕುಶಲಿಗೆ ಸಾಧ್ಯವಾಗುತ್ತದೆ.

ಮೂರನೆಯದು ಎಣ್ಣೆಯ ಪರೀಕ್ಷೆ. ಗಂಧದೆಣ್ಣೆಗೆ ಹರಳೆಣ್ಣೆಯನ್ನೋ, ದೇವದಾರಿನ ಎಣ್ಣೆಯನ್ನೋ ಬೆರಸುವ ಮೋಸ ಹಳೆಯದು. ಅದನ್ನು ಹಿಡಿಯುವ ಸುಲಭವಾದ ಒಂದು ಉಪಾಯವೆಂದರೆ, 70 ಶತಾಂಶದ ಮದ್ಯಸಾರದ ಐದು ಪಾಲಿನಲ್ಲಿ ಒಂದು ಪಾಲು ಎಣ್ಣೆಯನ್ನು ಹಾಕಿ ನೋಡುವುದು: ಶುದ್ಧವಾದ ಗಂಧದೆಣ್ಣೆ ತಿಳಿಯಾಗಿ ಕರಗುತ್ತದೆ, ಹರಳೆಣ್ಣೆ ಬೆರೆತಿದ್ದರೆ ಕದಡುತ್ತದೆ. ಎಣ್ಣೆಯ ಜೀವವಾಗಿರುವ ಸ್ಯಾಂಟಲಾಲ್ ಎಂಬ ದ್ರವ್ಯವು ಒಟ್ಟಿನಲ್ಲಿ 90 ಶತಾಂಶಕ್ಕೆ ಕಡಿಮೆ ಇರಕೂಡದೆಂಬುದು ಬಹುಕಾಲದ ಅಳತೆ. ಈಗಿನ ಅಂತರರಾಷ್ಟ್ರೀಯ ಮಾನಕವು ಇನ್ನೂ ಸೂಕ್ಷ್ಮವಾಗಿ, ಅದರ ಆಲ್ಫಾ ಬಗೆ 41ರಿಂದ 55 ಶತಾಂಶ, ಬೀಟಾ ಬಗೆ 16ರಿಂದ 24 ಶತಾಂಶ ಇರಬೇಕೆಂದು ವಿಧಿಸುತ್ತದೆ. ಇದನ್ನು ಗ್ಯಾಸ್ ಕ್ರೊಮಾಟೋಗ್ರಾಫ್ ಎಂಬ ಯಂತ್ರದಿಂದ ಅಳೆಯುವರು. ಸಾಬೂನಿನ ಮಿಕ್ಕ ಸಾಮಾನುಗಳಿಗೂ ಇಂತಹ ಅಳತೆಗಳುಂಟು. ಮೊದಲನೆಯ ದರ್ಜೆಯ ಸ್ನಾನದ ಸಾಬೂನಿನಲ್ಲಿ ಕೊಬ್ಬಿನ ಅಂಶವು 76 ಶತಾಂಶಕ್ಕೆ ಇಳಿಯಬಾರದೆಂದು ಭಾರತೀಯ ಮಾನಕವಿದೆ. ಆದರೆ ಕೊಬ್ಬು ಹಳಸಿದ್ದರೆ ಎಷ್ಟು ಗಂಧ ಸುರಿದರೂ ಹಳಸು ವಾಸನೆ ಅಡಗುವುದಿಲ್ಲವೆಂಬುದು ಯಾವ ಮಾನಕವನ್ನೂ ಓದದ ಗೃಹಿಣಿಗೂ ತಿಳಿದ ಮಾತೇ.

ಇಷ್ಟರವರೆಗೆ ಹೇಳಿದ್ದು ಸರಪಣಿಯ ಗೆಲುವು. ಅದರ ಸೋಲನ್ನೂ ಹೇಳದಿದ್ದರೆ ಈ ಲೇಖನವು ಬರಿಯ ಸ್ತೋತ್ರವಾದೀತು. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು; ಮುಂದಿನ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ರೈತನ ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧವೂ ಸರ್ಕಾರದ್ದೇ ಆಗಿತ್ತು. ಮರ ಕಳುವಾದರೆ ಮೊದಲ ವಿಚಾರಣೆ ಹೊಲದವನದು. ಇಂತಹ ಸ್ಥಿತಿಯಲ್ಲಿ ಬೇಲಿಯ ಸಂದಿಯಲ್ಲಿ ಗಂಧದ ಸಸಿಯೊಂದು ತಲೆಯೆತ್ತಿದರೆ ರೈತನಿಗೆ ಭಯವಾಗುತ್ತಿದ್ದಿತೇ ಹೊರತು ಸಂತೋಷವಾಗುತ್ತಿರಲಿಲ್ಲ. ಕಿತ್ತೆಸೆದು ನಿಶ್ಚಿಂತನಾಗುವುದೇ ಜಾಣತನವೆನಿಸಿತು. ಒಂದು ಕಡೆ ಕಳ್ಳಸಾಗಣೆ, ಮತ್ತೊಂದು ಕಡೆ 1899ರಲ್ಲಿಯೇ ಕೊಡಗಿನಲ್ಲಿ ಗುರುತಿಸಲ್ಪಟ್ಟ ಸ್ಪೈಕ್ ರೋಗ. ಈ ರೋಗ ತಗುಲಿದ ಮರದ ಎಲೆಗಳು ವರ್ಷವರ್ಷಕ್ಕೆ ಕಿರಿದಾಗಿ, ಮುಳ್ಳಿನಂತೆ ನಿಂತು, ಮರವು ಸತ್ತೇಹೋಗುತ್ತದೆ. ಬರಿಗಣ್ಣಿಗೆ ಕಾಣದ ಫೈಟೊಪ್ಲಾಸ್ಮ ಎಂಬ ಜೀವಿಯು ಇದಕ್ಕೆ ಕಾರಣ. ಎಲೆಯ ರಸ ಹೀರುವ ಜಿಗಿಹುಳುಗಳು ಅದನ್ನು ಹರಡುತ್ತವೆ. 1998ರಲ್ಲಿ ಶ್ರೀಗಂಧವು ಅಪಾಯಕ್ಕೆ ಗುರಿಯಾದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯನ್ನು ಸೇರಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸತಕ್ಕದ್ದು. ಕೋಠಿಯಲ್ಲಿ ಹದಿನೆಂಟು ದರ್ಜೆಗಳ ಕಟ್ಟುನಿಟ್ಟಿತ್ತು, ಪ್ರಯೋಗಶಾಲೆಯಲ್ಲಿ ಅಳತೆಯಿತ್ತು, ಕಾಡಿನಲ್ಲಿ ಕಾವಲಿತ್ತು. ಕಟ್ಟಳೆಗೆ ಕೊರತೆಯೇ ಇರಲಿಲ್ಲ. ಇಲ್ಲದಿದ್ದದ್ದು ಮೊದಲ ಕೊಂಡಿಯಾದ ಬೆಳೆಗಾರನ ಪಾಲುಗಾರಿಕೆ. ಬಂದ ಮರದ ಗುಣವನ್ನು ನೋಡುವ ಕಣ್ಣು ನೂರಾರು ಇದ್ದವು. ಮರ ಬರುವಂತೆ ನೋಡಿಕೊಳ್ಳುವ ಕೈ ಒಂದೂ ಇರಲಿಲ್ಲ. ಸರಬರಾಜಿನ ಗುಣಪಾಲನೆ ಎಂದರೆ ಬಾಗಿಲಲ್ಲಿ ನಿಂತು ಕೆಟ್ಟದ್ದನ್ನು ಹಿಂದಕ್ಕೆ ಕಳುಹಿಸುವುದು ಎಂದು ತಿಳಿದವರು ಮಾಡುವ ತಪ್ಪು ಇದೇ. ಹಾಗೆ ಮಾಡಿದರೆ ಕೆಟ್ಟದ್ದು ಒಳಗೆ ಬರುವುದಿಲ್ಲ, ನಿಜ, ಒಳ್ಳೆಯದೂ ಹುಟ್ಟುವುದಿಲ್ಲ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞರಾದ ಎಡ್ವರ್ಡ್ಸ್ ಡೆಮಿಂಗ್ ಎಂಬವರು 1950ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಕಾರ್ಖಾನೆಗಳ ಯಜಮಾನರಿಗೂ ಇಂಜಿನಿಯರುಗಳಿಗೂ ಉಪನ್ಯಾಸಗಳನ್ನು ಕೊಟ್ಟರು. ಬೆಲೆಯ ಚೀಟಿಯೊಂದನ್ನೇ ನೋಡಿ ಸಾಮಾನು ಕೊಳ್ಳಬೇಡಿ, ಒದಗಿಸುವವನೊಡನೆ ಬಹುಕಾಲದ ವಿಶ್ವಾಸವನ್ನು ಬೆಳೆಸಿಕೊಳ್ಳಿ, ಕೊನೆಯ ತಪಾಸಣೆಯನ್ನು ನಂಬಿ ಕೂರಬೇಡಿ ಎಂಬುದು ಅವರು ಜೀವಮಾನವೆಲ್ಲ ಬೋಧಿಸಿದ ತತ್ತ್ವಗಳಲ್ಲಿ ಮುಖ್ಯವಾದದ್ದು. ಜಪಾನಿನವರು ಇದನ್ನು ಶ್ರದ್ಧೆಯಿಂದ ಆಚರಿಸಿದ್ದರ ಫಲವನ್ನು ಲೋಕವೆಲ್ಲ ಕಂಡಿದೆ.

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಲೇತು ಯಂತ್ರಗಳನ್ನಿಟ್ಟುಕೊಂಡು ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗಗಳನ್ನು ಮಾಡಿಕೊಡುವ ಪೋಷಕರಿಗೆ ಇದು ಪುಸ್ತಕದ ಮಾತಲ್ಲ. ನಕ್ಷೆಯನ್ನು ಮಾತ್ರ ಕೊಟ್ಟು, ಕಡಿಮೆ ಬೆಲೆ ಹೇಳಿದವನಿಗೆ ಕೆಲಸ ಒಪ್ಪಿಸಿ, ಮಾಲು ಬಂದ ಮೇಲೆ ನೂರಕ್ಕೆ ಹತ್ತನ್ನು ತಳ್ಳಿಹಾಕುವ ಗಿರಾಕಿಯೂ ಉಂಟು. ಅಳತೆಯ ಗೇಜನ್ನೂ ತಾನೇ ಕೊಟ್ಟು, ಈ ಭಾಗವು ಯಂತ್ರದಲ್ಲಿ ಎಲ್ಲಿ ಕೂರುತ್ತದೆ, ಯಾವ ಅಂಚು ನಿಖರವಾಗಿರಬೇಕು, ಯಾವುದು ಸ್ವಲ್ಪ ಹೆಚ್ಚುಕಡಿಮೆಯಾದರೂ ಚಿಂತೆಯಿಲ್ಲ ಎಂದು ತಿಳಿಸಿಹೇಳುವ ಗಿರಾಕಿಯೂ ಉಂಟು. ಎರಡನೆಯವನ ಹತ್ತಿರ ಕೆಲಸ ಮಾಡುವ ಕುಶಲಿಯೇ, ಸ್ವಾಮೀ, ಈ ತೂತನ್ನು ಎರಡು ಸಾರಿ ಕೊರೆಯುವ ಬದಲು ಹೀಗೆ ಒಂದೇ ಸಾರಿ ಕೊರೆಯಬಹುದು ಎಂದು ಹೇಳುವ ಧೈರ್ಯ ಮಾಡುತ್ತಾನೆ. ಮೊದಲನೆಯವನಿಗೆ ಅಂತಹ ಸಲಹೆ ಎಂದೆಂದಿಗೂ ಬಾರದು. ಸಲಹೆ ಕೊಡಲು ಹೋದವನು ತಪ್ಪಿನ ಹೊಣೆಯನ್ನೂ ಹೊರಬೇಕಾದೀತೆಂಬ ಅಂಜಿಕೆ ಇರುತ್ತದೆ. ಗುಣಪಾಲನೆಯಿಂದ ಹೊಸತನ ಕುಗ್ಗುವುದೇ ಎಂಬ ಪ್ರಶ್ನೆಗೆ ನಮ್ಮ ಉತ್ತರ ಇದು: ದಂಡನೆಯ ರೂಪದ ಗುಣಪಾಲನೆಯಿಂದ ಕುಗ್ಗುತ್ತದೆ, ಶಿಕ್ಷಣದ ರೂಪದ ಗುಣಪಾಲನೆಯಿಂದ ಬೆಳೆಯುತ್ತದೆ. ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ತರಗತಿಗಳನ್ನು ನೋಡಿರುವ ನಮಗೆ ಇದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಗಂಧದ ವಿಷಯದಲ್ಲಿಯೂ ಕೊನೆಗೆ ದಾರಿ ತಿರುಗಿತು. 2001ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಿದ್ದುಪಡಿಯಾಗಿ, ಭೂಮಿಯ ಒಡೆಯನೇ ಅದರಲ್ಲಿರುವ ಗಂಧದ ಮರಕ್ಕೂ ಒಡೆಯನೆಂದಾಯಿತು. ಸಾಬೂನಿನ ಕಂಪನಿಯು ರೈತರಿಗೆ ಸಸಿಗಳನ್ನು ಒದಗಿಸಿ, ಬೆಳೆದ ಮರವನ್ನು ಕೊಂಡುಕೊಳ್ಳುವ ಭರವಸೆಯನ್ನೂ ಕೊಡುವ ಯೋಜನೆಯನ್ನು ಹೂಡಿತು. ರಾಜಾಜಿನಗರಕ್ಕೆ ಕೂಗಳತೆಯಲ್ಲಿ, ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯಲ್ಲಿರುವ ಮರವಿಜ್ಞಾನ ಸಂಸ್ಥೆಯವರು ಗಂಧದ ತಳಿ, ಸಸಿ, ರೋಗ, ಚೇಗುಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದಾರೆ. ಬೆಳೆಗಾರ, ವಿಜ್ಞಾನಿ, ತಯಾರಕ ಮೂವರೂ ಒಂದೇ ಸಾಲಿನಲ್ಲಿ ಕುಳಿತದ್ದು ಶತಮಾನದ ಮೇಲೆ. 2023–24ರಲ್ಲಿ ಕಂಪನಿಯ ವಹಿವಾಟು 1,500 ಕೋಟಿ ರೂಪಾಯಿಗಳನ್ನು ಮೀರಿತೆಂಬುದು ಸಂತೋಷದ ವಾರ್ತೆಯೇ. ಆದರೆ ಆ ಬೆಳವಣಿಗೆ ನಿಲ್ಲುವುದೋ ಇಲ್ಲವೋ ಎಂಬುದು ಮಾರಾಟಗಾರರಿಗಿಂತ ಹೆಚ್ಚಾಗಿ ಈಗ ಹೊಲಗಳಲ್ಲಿ ನಿಂತಿರುವ ಎಳೆಯ ಮರಗಳ ಮೇಲೆ ಅವಲಂಬಿಸಿದೆ. ಹಣದ ಆತುರಕ್ಕೆ ಅವುಗಳನ್ನು ಬೇಗ ಕಡಿದರೆ ಎಣ್ಣೆಯು ಅಳತೆಗೆ ಬರುವುದಿಲ್ಲ. ಕಾಯೋಣವೆಂದರೆ ಕಳ್ಳರ ಭಯ. ರೈತನು ಹದಿನೈದು ವರ್ಷ ಕಾಯುವಂತೆ ಮಾಡುವುದೇ ಈ ಸರಪಣಿಯ ಅತಿ ಕಷ್ಟವಾದ ಗುಣಪಾಲನೆ ಎಂದು ನಮಗೆ ತೋರುತ್ತದೆ.

ಸರಪಣಿಯು ಕಾರ್ಖಾನೆಯ ಮುಂದಕ್ಕೂ ಹೋಗುತ್ತದೆ. ಈ ಸಾಬೂನಿಗೆ 2006ರಲ್ಲಿ ಭೌಗೋಳಿಕ ಗುರುತಿನ ರಕ್ಷಣೆ ದೊರೆಯಿತು. ಆದರೂ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಇದೇ ಹೆಸರು, ಇದೇ ಪೆಟ್ಟಿಗೆಗಳಲ್ಲಿ ಖೋಟಾ ಸಾಬೂನು ಮಾಡುತ್ತಿದ್ದ ಒಂದು ತಯಾರಿಕೆಯ ಜಾಗವು ಸಿಕ್ಕಿಬಿದ್ದಿತು. ಇದರಿಂದ ನಷ್ಟ ಕಂಪನಿಗೆ ಮಾತ್ರವಲ್ಲ; ಎಲ್ಲೋ ತೊಗರಿಯ ನೆರಳಿನಲ್ಲಿ ಸಸಿ ಬೆಳೆಸುತ್ತಿರುವವನಿಗೂ ಉಂಟು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿ, ಹೊಳೆಯ ಬದಿಯ ಮಣ್ಣನ್ನು ಹದಮಾಡಿ ಸುಟ್ಟ ಹಂಚಿನ ಮೇಲೆ ತಮ್ಮ ಹೆಸರನ್ನೂ ಊರನ್ನೂ ಅಚ್ಚೊತ್ತಿದರು. ಕರಾವಳಿಯ ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹಂಚುಗಳಲ್ಲಿ ಆ ಅಚ್ಚನ್ನು ಇಂದಿಗೂ ಓದಬಹುದು. ಹೆಸರು ಒತ್ತಿದವನು ಮಣ್ಣಿನಿಂದ ಮಾಡಿನವರೆಗೆ ಹೊಣೆ ಹೊತ್ತಂತೆಯೇ ಸರಿ.

ಮಾಗಡಿ, ತಾವರೆಕೆರೆ, ಕೆಂಗೇರಿಯ ಆಚೆ ಜಮೀನುಳ್ಳ ಪೋಷಕರು ಕೆಲವರು ಗಂಧ ಹಾಕಬಹುದೇ ಎಂದು ನಮ್ಮನ್ನು ಕೇಳಿದ್ದಾರೆ. ನಾವು ಒಕ್ಕಲಿಗರಲ್ಲ, ಬಲ್ಲವರಿಂದ ತಿಳಿದಷ್ಟನ್ನು ಹೇಳುತ್ತೇವೆ. ಸಸಿಯನ್ನು ಅರಣ್ಯ ಇಲಾಖೆಯಂತಹ ನಂಬಿಕೆಯ ಸಸ್ಯಕ್ಷೇತ್ರದಿಂದಲೇ ತರಬೇಕು; ಎಲೆ ಕಿರಿದಾಗಿ ಗುಂಪುಗುಂಪಾಗಿ ನಿಂತಿರುವ ಗಿಡವನ್ನು ಬಿಟ್ಟಿಯಾಗಿ ಕೊಟ್ಟರೂ ಒಲ್ಲೆನೆನ್ನಬೇಕು. ಜೊತೆಗಿಡವಿಲ್ಲದೆ ನೆಡಬಾರದು. ನೆಟ್ಟ ಮರಗಳ ಸಂಖ್ಯೆಯನ್ನು ಪಹಣಿಯಲ್ಲಿ ಬರೆಯಿಸಿಕೊಂಡಿದ್ದರೆ ಮುಂದೆ ಕಡಿಯುವ ಅನುಮತಿಗೆ ಅಲೆದಾಟ ಕಡಿಮೆಯಾಗುತ್ತದೆ. ಹತ್ತು ವರ್ಷಕ್ಕೇ ಕೊಳ್ಳುತ್ತೇನೆಂದು ಬರುವ ದಲ್ಲಾಳಿಯ ಮಾತಿಗೆ ಕಿವಿಗೊಡಬೇಡಿರಿ. ಆ ವಯಸ್ಸಿನ ಮರದಲ್ಲಿ ಬಿಳಿಯೇ ಹೆಚ್ಚು, ಚೇಗು ಹೆಬ್ಬೆರಳಿನ ಗಾತ್ರವೂ ಇರಲಿಕ್ಕಿಲ್ಲ.